ಸ್ವದಾರಸಂತೋಷ ಮತ್ತು ಯೋಗ: ಕಪಿಲಾ-ಕಾವೇರಿ ತೀರದ ಒಂದು ವಿಚಾರಪರಂಪರೆ

ಜೈನಧರ್ಮವು ನಿವೃತ್ತಿಪ್ರಧಾನವಾದ ಧರ್ಮವೆಂಬುದು ಸರ್ವವಿದಿತ. ಆದರೆ ನಿವೃತ್ತಿಯ ಮಾರ್ಗದಲ್ಲಿ ಹೆಜ್ಜೆಯಿಡುವವರೆಲ್ಲರೂ ಮುನಿಗಳಲ್ಲ. ಚತುಃಸಂಘದಲ್ಲಿ ಮುನಿ-ಆರ್ಯಿಕೆಯರೊಡನೆ ಶ್ರಾವಕ-ಶ್ರಾವಿಕೆಯರಿಗೂ ಸ್ಥಾನವುಂಟು. ಮುನಿಗಳ ಆಹಾರ, ಬಸದಿಯ ಪೂಜೆ, ಶಾಸ್ತ್ರಗಳ ಪ್ರತಿಲೇಖನ ಇವೆಲ್ಲವೂ ಗೃಹಸ್ಥರ ಮನೆಯನ್ನೇ ಅವಲಂಬಿಸಿ ನಡೆದುಬಂದಿವೆ. ಆ ಮನೆಯಾದರೋ ದಾಂಪತ್ಯವೆಂಬ ಆಧಾರದ ಮೇಲೆ ನಿಂತಿದೆ. ಹೀಗಿದ್ದರೂ ಪತಿ-ಪತ್ನಿಯರ ಆಪ್ತಜೀವನದ ವಿಷಯ ಧರ್ಮಸಭೆಗಳಲ್ಲಿ ಅತ್ಯಂತ ವಿರಳವಾಗಿ ಪ್ರಸ್ತಾಪವಾಗುತ್ತದೆ. ಈ ಮೌನದಿಂದಾಗಿ ಎರಡು ತಪ್ಪುಗ್ರಹಿಕೆಗಳು ಬೇರೂರಿವೆ. ಧ್ಯಾನ, ಸಾಮಾಯಿಕ, ಯೋಗಗಳು ದಾಂಪತ್ಯಕ್ಕೆ ಶತ್ರುಗಳೆಂಬುದು ಮೊದಲನೆಯದು. ಗಂಡ ಯೋಗಾಭ್ಯಾಸಕ್ಕೆ ತೊಡಗಿದರೆ ಹೆಂಡತಿಯೂ, ಹೆಂಡತಿ ವ್ರತನಿಯಮಗಳಲ್ಲಿ ಮುಳುಗಿದರೆ ಗಂಡನೂ ಒಳಗೊಳಗೇ ಅಂಜುವುದುಂಟು. ಎರಡನೆಯದು ಈಚಿನದು: ಯೋಗವೆಂದರೆ ಭೋಗಶಕ್ತಿಯನ್ನು ವೃದ್ಧಿಗೊಳಿಸುವ ಸುಲಭೋಪಾಯವೆಂಬ ಪ್ರಚಾರ. ಶಾಸ್ತ್ರವನ್ನೂ ಇತಿಹಾಸವನ್ನೂ ಪರಿಶೀಲಿಸಿದರೆ ಇವೆರಡೂ ನಿಲ್ಲತಕ್ಕ ಮಾತುಗಳಲ್ಲವೆಂಬುದು ಸ್ಪಷ್ಟವಾಗುತ್ತದೆ.

ಈ ಪರಿಶೀಲನೆಗೆ ಮೈಸೂರು ಜಿಲ್ಲೆಯ ದಕ್ಷಿಣ ಭಾಗಕ್ಕಿಂತ ಉಚಿತವಾದ ನೆಲೆ ಬೇರೊಂದಿಲ್ಲ. ನಂಜನಗೂಡನ್ನು ಬಳಸಿ ಹರಿಯುವ ಕಪಿಲೆಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಸಂಗಮದಿಂದ ಕೆಳಗೆ, ಅದೇ ತಾಲ್ಲೂಕಿನಲ್ಲಿ, ಗಂಗರಸರ ರಾಜಧಾನಿಯಾಗಿದ್ದ ತಲಕಾಡು ಮರಳಿನ ರಾಶಿಯ ನಡುವೆ ನಿಂತಿದೆ. ನಂಜನಗೂಡಿನ ದಕ್ಷಿಣಕ್ಕೆ, ಇಂದಿನ ಚಾಮರಾಜನಗರ ಜಿಲ್ಲೆಗೆ ಸೇರಿದ ಮಲೆಯೂರಿನ ಕನಕಗಿರಿಯಿದೆ. ಈ ಎರಡು ಸ್ಥಳಗಳನ್ನೂ ಜೋಡಿಸುವ ಹೆಸರು ಪೂಜ್ಯಪಾದಾಚಾರ್ಯರದು.

ತಲಕಾಡಿನ ಗಂಗರೂ ಪೂಜ್ಯಪಾದರೂ

ದೇವನಂದಿ ಎಂಬುದು ಪೂಜ್ಯಪಾದರ ದೀಕ್ಷಾನಾಮ. ವಿದ್ವಾಂಸರು ಅವರ ಕಾಲವನ್ನು ಕ್ರಿ.ಶ. 5-6ನೆಯ ಶತಮಾನವೆಂದು ನಿರ್ಣಯಿಸುತ್ತಾರೆ. ಗಂಗದೊರೆ ದುರ್ವಿನೀತನು ಅವರ ಶಿಷ್ಯನಾಗಿದ್ದನೆಂಬುದು ಪರಂಪರೆಯ ನಂಬಿಕೆ. ಕನಕಗಿರಿಯು ಅವರ ತಪೋಭೂಮಿಯೆಂದು ಇಂದಿಗೂ ಭಕ್ತರು ಯಾತ್ರೆಗೈಯುತ್ತಾರೆ. 'ಜೈನೇಂದ್ರ ವ್ಯಾಕರಣ'ದಿಂದ ವೈಯಾಕರಣರಾಗಿಯೂ, 'ಸಮಾಧಿತಂತ್ರ' ಮತ್ತು 'ಇಷ್ಟೋಪದೇಶ'ಗಳಿಂದ ಅಧ್ಯಾತ್ಮದ ಗುರುವಾಗಿಯೂ ಅವರು ಪ್ರಸಿದ್ಧರು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರಕ್ಕೆ ಅವರು ಬರೆದ 'ಸರ್ವಾರ್ಥಸಿದ್ಧಿ'ಯು ಇಂದು ಉಪಲಬ್ಧವಿರುವ ದಿಗಂಬರ ಟೀಕೆಗಳಲ್ಲಿ ಅತ್ಯಂತ ಪ್ರಾಚೀನವಾದುದು.

ತಲಕಾಡು ಜಿನಧರ್ಮದ ಕೇಂದ್ರವಾಗಿಯೂ ದೀರ್ಘಕಾಲ ಮೆರೆಯಿತು. ಕ್ರಿ.ಶ. 808ರ ಸುಮಾರಿನ ಬದನಗುಪ್ಪೆಯ ತಾಮ್ರಶಾಸನವು ಇದಕ್ಕೆ ಸಾಕ್ಷಿ. ಗಂಗವಾಡಿಯನ್ನು ಆಳುತ್ತಿದ್ದ ರಾಷ್ಟ್ರಕೂಟ ರಾಜಪುತ್ರ ರಣಾವಲೋಕ ಕಂಭನು ತಲವನನಗರದ, ಅಂದರೆ ತಲಕಾಡಿನ, ಶ್ರೀವಿಜಯ ಬಸದಿಗಾಗಿ ಕೊಂಡಕುಂದಾನ್ವಯದ ವರ್ಧಮಾನ ಗುರುಗಳಿಗೆ ಗ್ರಾಮದಾನ ಮಾಡಿದುದನ್ನು ಅದು ತಿಳಿಸುತ್ತದೆ. ಇಂತಹ ನೆಲದಲ್ಲಿ ಶ್ರಾವಕರ ವ್ರತಗಳ ವಿಚಾರವು ಪುಸ್ತಕದ ಮಾತಷ್ಟೇ ಆಗಿರದೆ ಊರಿನ ಜೀವನದ ಮಾತೂ ಆಗಿದ್ದಿತು.

ಬ್ರಹ್ಮಚರ್ಯದ ಅಳತೆಗೋಲು

ಸರ್ವಾರ್ಥಸಿದ್ಧಿಯ ಏಳನೆಯ ಅಧ್ಯಾಯದಲ್ಲಿ ಪೂಜ್ಯಪಾದರು 'ಬ್ರಹ್ಮ' ಎಂಬ ಶಬ್ದವನ್ನು ಬಿಡಿಸುವ ರೀತಿ ಅತ್ಯಂತ ಗಮನಾರ್ಹವಾಗಿದೆ. ಯಾವುದನ್ನು ಪಾಲಿಸುವುದರಿಂದ ಅಹಿಂಸೆಯೇ ಮೊದಲಾದ ಗುಣಗಳು ಬೆಳೆದು ವೃದ್ಧಿ ಹೊಂದುತ್ತವೆಯೋ ಅದೇ ಬ್ರಹ್ಮ ಎಂಬುದು ಅವರ ವಿವರಣೆಯ ತಾತ್ಪರ್ಯ. ಇಲ್ಲಿ ಅಳತೆಗೋಲು ಗುಣವೃದ್ಧಿ. ಕೇವಲ ದೇಹದ ದೂರವಾಗಲಿ, ದಿನಗಳ ಲೆಕ್ಕವಾಗಲಿ ಇಲ್ಲಿ ಅಳತೆಯಲ್ಲ. ಒಂದು ಸಂಯಮದಿಂದ ಮನೆಯಲ್ಲಿ ಸತ್ಯ, ಕ್ಷಮೆ, ಕರುಣೆಗಳು ಬೆಳೆದರೆ ಅದು ಬ್ರಹ್ಮದ ದಿಕ್ಕಿನಲ್ಲಿದೆ. ಅದೇ ಸಂಯಮದ ಹೆಸರಿನಲ್ಲಿ ಕ್ರೋಧ, ಮಾನ, ಉಪೇಕ್ಷೆಗಳು ಬೆಳೆದರೆ ದೇಹ ದೂರವಿದ್ದರೂ ಬ್ರಹ್ಮವು ದೂರವೇ ಉಳಿಯಿತೆಂದು ತಿಳಿಯಬೇಕು.

ಮೈಥುನ ಶಬ್ದವನ್ನು ವಿವರಿಸುವಾಗಲೂ ಆಚಾರ್ಯರು ಇದೇ ಸೂಕ್ಷ್ಮತೆಯನ್ನು ತೋರಿದ್ದಾರೆ. ಚಾರಿತ್ರಮೋಹನೀಯ ಕರ್ಮದ ಉದಯದಿಂದ ರಾಗಪರಿಣಾಮವುಳ್ಳ ಸ್ತ್ರೀ-ಪುರುಷರಿಬ್ಬರಲ್ಲಿ ಪರಸ್ಪರ ಸ್ಪರ್ಶದ ಇಚ್ಛೆ ಹುಟ್ಟುತ್ತದೆಂದು ಅವರು ಹೇಳುತ್ತಾರೆ. ಇಬ್ಬರನ್ನೂ ಒಟ್ಟಿಗೆ ಹೆಸರಿಸಿರುವುದನ್ನೂ, 'ಪರಸ್ಪರ' ಎಂದಿರುವುದನ್ನೂ ಲಕ್ಷಿಸಬೇಕು. ಜೈನ ಕರ್ಮಸಿದ್ಧಾಂತದಲ್ಲಿ ಕಾಮವಾಸನೆಯು 'ವೇದ'ವೆಂಬ ನೋಕಷಾಯ. ಸ್ತ್ರೀವೇದ, ಪುರುಷವೇದ, ನಪುಂಸಕವೇದ ಎಂದು ಅದು ಮೂರು ಬಗೆ. ಸ್ತ್ರೀಯೇ ಮೋಹದ ಕಾರಣ, ಪುರುಷನು ಅದಕ್ಕೆ ಸಿಲುಕಿದವನು ಎಂಬ ಲೋಕರೂಢಿಯ ಮಾತಿಗೆ ಈ ಸಿದ್ಧಾಂತದಲ್ಲಿ ಆಧಾರವಿಲ್ಲ. ಅಷ್ಟೇ ಅಲ್ಲ, ವೇದದ ಉದಯವು ಸಂಪೂರ್ಣವಾಗಿ ನಿಲ್ಲುವುದು ಒಂಬತ್ತನೆಯ ಗುಣಸ್ಥಾನದಲ್ಲಿ. ಐದನೆಯ ಗುಣಸ್ಥಾನದಲ್ಲಿರುವ ದೇಶವ್ರತಿ ಶ್ರಾವಕನಲ್ಲಿ ಕಾಮನೆ ಉಳಿದಿದ್ದರೆ ಅದಕ್ಕೆ ಯಾರೂ ಬೆರಗಾಗಬೇಕಾಗಿಲ್ಲ, ತಮ್ಮನ್ನು ತಾವು ಹಳಿದುಕೊಳ್ಳಬೇಕಾಗಿಯೂ ಇಲ್ಲ. ಅದನ್ನು ಅರಿತು ಮಿತಿಯಲ್ಲಿಡುವುದೇ ಅವನ ಸಾಧನೆ.

ಆ ಮಿತಿಯ ಹೆಸರು ಸ್ವದಾರಸಂತೋಷ. ಪರಸ್ತ್ರೀಯ ಬಳಿ ತಾನೂ ಹೋಗದೆ, ಇತರರನ್ನೂ ಕಳಿಸದೆ, ಪಾಪಭೀತಿಯಿಂದ ಹಿಂದೆಗೆಯುವುದೇ ಈ ಅಣುವ್ರತವೆಂದು ಸಮಂತಭದ್ರಾಚಾರ್ಯರು 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ನಿರೂಪಿಸಿದ್ದಾರೆ. ಇದು ಏಕದೇಶ ವ್ರತ. ಮಹಾವ್ರತಕ್ಕೆ ಸಮಾನವೆಂದು ಯಾರೂ ಹೇಳಿಲ್ಲ, ಭೋಗವನ್ನು ಧರ್ಮವೆಂದು ಸಾರಿಯೂ ಇಲ್ಲ. ಆದರೆ 'ಸಂತೋಷ' ಎಂಬ ಶಬ್ದ ಇಲ್ಲಿ ವ್ಯರ್ಥವಾಗಿ ಬಂದಿಲ್ಲ. ತೃಪ್ತಿಯಿಲ್ಲದ ಕಡೆ ಈ ವ್ರತವು ಬರಿಯ ನಿರ್ಬಂಧವಾಗುತ್ತದೆ. ತೃಪ್ತಿಯಾದರೋ ಒಬ್ಬರಿಂದಲೇ ಸಾಧ್ಯವಾಗುವಂಥದಲ್ಲ.

ತತ್ತ್ವಾರ್ಥಸೂತ್ರವು ಈ ವ್ರತಕ್ಕೆ ಐದು ಅತಿಚಾರಗಳನ್ನು ಎಣಿಸುತ್ತದೆ. ಅನ್ಯರ ವಿವಾಹಗಳನ್ನು ಮಾಡಿಸುತ್ತ ತಿರುಗುವುದು, ಪರರಿಗೆ ಸೇರಿದ ಸ್ವೈರಿಣಿಯರ ಸಂಪರ್ಕ, ಯಾರಿಗೂ ಸೇರದ ಸ್ವೈರಿಣಿಯರ ಸಂಪರ್ಕ, ಅನಂಗಕ್ರೀಡೆ, ಕಾಮದ ತೀವ್ರಾಭಿನಿವೇಶ ಎಂಬಿವು ಆ ಐದು. ಕೊನೆಯದನ್ನು ಪೂಜ್ಯಪಾದರು ಕಾಮದ ಪರಿಣಾಮವು ಮಿತಿಮೀರಿ ಬೆಳೆಯುವುದೆಂದು ವಿವರಿಸುತ್ತಾರೆ. ಸ್ವಂತ ಪತ್ನಿಯ ವಿಷಯದಲ್ಲಿಯೂ ಈ ಅತಿಚಾರ ಸಂಭವಿಸಬಹುದೆಂಬುದು ಇದರ ಮರ್ಮ. ವಿವಾಹವು ಒಬ್ಬರ ದೇಹದ ಮೇಲೆ ಇನ್ನೊಬ್ಬರಿಗೆ ಕೊಟ್ಟ ಪರವಾನಗಿಯಲ್ಲ. ಒಲ್ಲದ ಮನಸ್ಸನ್ನೂ ದಣಿದ ದೇಹವನ್ನೂ ಲಕ್ಷಿಸದ ಆತುರವು ವ್ರತಭಂಗದ ಅಂಚಿನಲ್ಲಿಯೇ ಇರುತ್ತದೆ.

ಯೋಗವೆಂಬ ಶಬ್ದದ ನಡಿಗೆ

ಇಲ್ಲಿ ಯೋಗವು ಎಲ್ಲಿ ಬಂದಿತೆಂಬ ಪ್ರಶ್ನೆ ಸಹಜ. ಪೂಜ್ಯಪಾದರ ಪರಿಭಾಷೆಯಲ್ಲಿ ಯೋಗವೆಂದರೆ ಆಸನವಲ್ಲ. ಕಾಯ, ವಾಕ್, ಮನಸ್ಸುಗಳ ಚಟುವಟಿಕೆಯೇ ಯೋಗ, ಅದೇ ಆಸ್ರವದ ದ್ವಾರ. ಆ ಮೂರನ್ನೂ ಸಮ್ಯಕ್ಕಾಗಿ ನಿಗ್ರಹಿಸುವುದು ಗುಪ್ತಿ. ಇಂದು ಲೋಕದಲ್ಲಿ ಯೋಗವೆಂದು ಕರೆಯುವ ಚಿತ್ತದ ಅಭ್ಯಾಸವು ಅವರ ಸಮಾಧಿತಂತ್ರದಲ್ಲಿ ಬಹಿರಾತ್ಮ, ಅಂತರಾತ್ಮ, ಪರಮಾತ್ಮರ ವಿವೇಚನೆಯಾಗಿ ಬಂದಿದೆ. ದೇಹವೇ ತಾನೆಂದು ಬಗೆಯುವವನು ತನ್ನ ಸಂಗಾತಿಯನ್ನೂ ದೇಹವೆಂದೇ ಕಾಣುತ್ತಾನೆ. ತನ್ನಲ್ಲಿ ಆತ್ಮವನ್ನು ಅರಿತವನು ಎದುರಿನವರಲ್ಲಿಯೂ ಆತ್ಮವನ್ನು ಕಾಣಬಲ್ಲನು. ದಾಂಪತ್ಯಕ್ಕೆ ಈ ಗ್ರಂಥದಿಂದ ದೊರೆಯುವ ಪಾಠ ಇದು.

ಮುಂದೆ ಹರಿಭದ್ರಸೂರಿಗಳು ಮೋಕ್ಷದೊಡನೆ ಜೋಡಿಸುವ ಸಮಸ್ತ ಆಚರಣೆಯನ್ನೂ ಯೋಗವೆಂದು ಕರೆದರು. ಗುಜರಾತಿನ ಹೇಮಚಂದ್ರಾಚಾರ್ಯರು 12ನೆಯ ಶತಮಾನದಲ್ಲಿ ಚೌಲುಕ್ಯ ದೊರೆ ಕುಮಾರಪಾಲನಿಗಾಗಿ ರಚಿಸಿದ 'ಯೋಗಶಾಸ್ತ್ರ'ದಲ್ಲಿ ರತ್ನತ್ರಯವೇ ಯೋಗವೆನಿಸಿತು. ಆ ಗ್ರಂಥದ ಕ್ರಮವೇ ಒಂದು ಉಪದೇಶದಂತಿದೆ. ಗೃಹಸ್ಥನ ಅಣುವ್ರತಗಳು ಮೊದಲು ಬರುತ್ತವೆ, ಆಸನಗಳ ಮಾತು ಅನಂತರ. ಪರ್ಯಂಕ, ವೀರ, ಪದ್ಮ, ಗೋದೋಹಿಕಾ, ಕಾಯೋತ್ಸರ್ಗ ಮೊದಲಾದ ಆಸನಗಳನ್ನು ಹೇಳಿ, ಯಾವುದರಿಂದ ಮನಸ್ಸು ಸ್ಥಿರವಾಗುವುದೋ ಅದನ್ನೇ ಆಶ್ರಯಿಸಬೇಕೆಂದು ಆಚಾರ್ಯರು ಸೂಚಿಸುತ್ತಾರೆ. ಪ್ರಾಣಾಯಾಮವನ್ನು ವಿಸ್ತಾರವಾಗಿ ವರ್ಣಿಸಿಯೂ, ಬಲವಂತದ ಶ್ವಾಸನಿಗ್ರಹದಿಂದ ಮನಸ್ಸು ಶಾಂತಿಯನ್ನು ಪಡೆಯದೆಂದು ಎಚ್ಚರಿಸುತ್ತಾರೆ.

15ನೆಯ ಶತಮಾನದ 'ಹಠಪ್ರದೀಪಿಕೆ'ಯಂಥ ಹಠಯೋಗದ ಗ್ರಂಥಗಳಲ್ಲಿ ಬಿಂದುರಕ್ಷಣೆಗೆ, ಅದಕ್ಕಾಗಿ ಹೇಳಿದ ಮುದ್ರೆಗಳಿಗೆ ದೊಡ್ಡ ಸ್ಥಾನವಿದೆ. ಅಲ್ಲಿ ಸಿದ್ಧಿಯ ಸಾಧನ ಶರೀರದ ದ್ರವ್ಯ. ಜೈನಾಚಾರ್ಯರ ದೃಷ್ಟಿಯಲ್ಲಾದರೋ ಸಾಧನೆಯ ಕೇಂದ್ರ ಪರಿಣಾಮಶುದ್ಧಿ. ಈ ಭೇದವನ್ನು ಮರೆತು, ಶರೀರದ ದ್ರವ್ಯವು ನಷ್ಟವಾದರೆ ಆಯುಸ್ಸೇ ನಷ್ಟವಾಯಿತೆಂದು ಕಳವಳಗೊಂಡು ಬಳಲುವ ತರುಣರು ಎಲ್ಲ ಸಮಾಜಗಳಲ್ಲಿಯೂ ಇದ್ದಾರೆ. ಆ ಭಯಕ್ಕೆ ವೈದ್ಯಶಾಸ್ತ್ರದ ಆಧಾರವಿಲ್ಲ. ಪೂಜ್ಯಪಾದರ ಬ್ರಹ್ಮಚರ್ಯಕ್ಕೂ ಆ ಭಯಕ್ಕೂ ಯಾವ ಸಂಬಂಧವೂ ಇಲ್ಲ.

ಮೆಟ್ಟಿಲುಗಳ ಧರ್ಮ

ಶ್ರಾವಕನ ಹನ್ನೊಂದು ಪ್ರತಿಮೆಗಳ ಕ್ರಮದಲ್ಲಿಯೂ ಇದೇ ವಿವೇಕ ಅಡಗಿದೆ. ದರ್ಶನ, ವ್ರತ, ಸಾಮಾಯಿಕ, ಪ್ರೋಷಧೋಪವಾಸ, ಸಚಿತ್ತತ್ಯಾಗಗಳ ಅನಂತರ ಆರನೆಯದು ರಾತ್ರಿಭುಕ್ತಿತ್ಯಾಗ. ಕೆಲವು ಆಚಾರ್ಯರು ಇದನ್ನೇ ಹಗಲಿನ ಮೈಥುನದ ತ್ಯಾಗವೆಂದೂ ಅರ್ಥೈಸಿದ್ದಾರೆ. ಪೂರ್ಣ ಬ್ರಹ್ಮಚರ್ಯವು ಬರುವುದು ಏಳನೆಯ ಮೆಟ್ಟಿಲಿನಲ್ಲಿ. ಸಾಮಾಯಿಕವು ಮೂರನೆಯ ಪ್ರತಿಮೆ, ಬ್ರಹ್ಮಚರ್ಯ ಏಳನೆಯದು ಎಂಬುದರ ಅರ್ಥವೇನು? ಸಮತಾಭಾವದ ಅಭ್ಯಾಸವು ದಾಂಪತ್ಯಜೀವನದ ಒಳಗೇ, ವರ್ಷಗಳ ಕಾಲ, ನಡೆಯಬೇಕಾದುದೆಂದು ಶಾಸ್ತ್ರಕಾರರು ಭಾವಿಸಿದ್ದರು. ಎರಡು ಗಳಿಗೆ, ಅಂದರೆ 48 ನಿಮಿಷ, ಕಾಯೋತ್ಸರ್ಗದಲ್ಲಿಯೋ ಪರ್ಯಂಕದಲ್ಲಿಯೋ ನಿಂತು ಕುಳಿತು ರಾಗದ್ವೇಷಗಳ ಏರಿಳಿತವನ್ನು ನೋಡಬಲ್ಲ ಗೃಹಸ್ಥನು ಅದೇ ಸಮತೆಯನ್ನು ಮನೆಯೊಳಕ್ಕೂ ಒಯ್ಯುತ್ತಾನೆ.

ಈ ಮೆಟ್ಟಿಲುಗಳನ್ನು ಹಾರಿ ಏರುವುದರಲ್ಲಿ ಅಪಾಯವಿದೆ. ಪತಿ ಅಥವಾ ಪತ್ನಿ ಒಬ್ಬರೇ, ಇನ್ನೊಬ್ಬರ ಮನಸ್ಸನ್ನು ಕೇಳದೆ, ಯೌವನದಲ್ಲಿಯೇ ಪೂರ್ಣ ಬ್ರಹ್ಮಚರ್ಯದ ನಿಯಮವನ್ನು ಸ್ವೀಕರಿಸಿದರೆ ಆ ವ್ರತದ ಭಾರವನ್ನು ಹೊರುವವರು ಯಾರು? ಕುಂದಕುಂದಾಚಾರ್ಯರು 'ಪ್ರವಚನಸಾರ'ದಲ್ಲಿ, ಶ್ರಮಣನಾಗಬಯಸುವವನು ಬಂಧುವರ್ಗವನ್ನು ಕೇಳಿ, ಹಿರಿಯರಿಂದಲೂ ಪತ್ನಿಯಿಂದಲೂ ಮಕ್ಕಳಿಂದಲೂ ಬೀಳ್ಕೊಂಡು ಹೊರಡಬೇಕೆಂದು ವಿಧಿಸಿದ್ದಾರೆ. ಮನೆಯನ್ನೇ ತೊರೆದು ಮುನಿಯಾಗುವವನೂ ಪತ್ನಿಯನ್ನು ಕೇಳಬೇಕೆಂದಮೇಲೆ, ಮನೆಯಲ್ಲಿಯೇ ಇದ್ದು ದಾಂಪತ್ಯದ ಮರ್ಯಾದೆಯನ್ನು ಬದಲಿಸುವವನು ಕೇಳದಿರುವುದು ಹೇಗೆ ಸರಿಯಾದೀತು?

ಇತಿಹಾಸದ ಸಾಕ್ಷಿ, ಕಾವ್ಯದ ಸಾಕ್ಷಿ

ತಲಕಾಡಿನ ಇತಿಹಾಸದಲ್ಲಿಯೇ ಒಂದು ಆದರ್ಶ ದಾಂಪತ್ಯದ ನೆನಪು ಉಳಿದಿದೆ. 11ನೆಯ ಶತಮಾನದ ಆರಂಭದಲ್ಲಿ ಚೋಳರ ವಶವಾದ ಈ ನಗರವನ್ನು 1116ರ ಸುಮಾರಿಗೆ ಹೊಯ್ಸಳ ವಿಷ್ಣುವರ್ಧನನಿಗೆ ಗೆದ್ದುಕೊಟ್ಟವನು ಜಿನಭಕ್ತ ದಂಡನಾಯಕ ಗಂಗರಾಜ. ಸಂತುಷ್ಟನಾದ ದೊರೆ ಬೇಡಿದ್ದನ್ನು ಕೊಡುವೆನೆಂದಾಗ ಗಂಗರಾಜನು ಪರಮ ಎಂಬ ಗ್ರಾಮವನ್ನು ಪಡೆದು, ತನ್ನ ತಾಯಿ ಪೋಚಿಕಬ್ಬೆಯೂ ಪತ್ನಿ ಲಕ್ಷ್ಮೀದೇವಿಯೂ ಕಟ್ಟಿಸಿದ ಜಿನಾಲಯಗಳಿಗೆ ಬಿಟ್ಟುಕೊಟ್ಟನು. ಆ ಲಕ್ಷ್ಮೀಮತಿಯು ಆಹಾರ, ಅಭಯ, ಔಷಧ, ಶಾಸ್ತ್ರದಾನಗಳಿಗೆ ಹೆಸರಾದವಳು. ಶ್ರವಣಬೆಳಗೊಳದಲ್ಲಿ 1121ರ ಸುಮಾರಿಗೆ ಅವಳು ಸಂನ್ಯಸನ ವಿಧಿಯಿಂದ ದೇಹವನ್ನು ತ್ಯಜಿಸಿದಾಗ ಗಂಗರಾಜನು ಅವಳ ನಿಷಿಧಿಯನ್ನು ಸ್ಥಾಪಿಸಿದನು. ದಂಡನಾಯಕನ ಮನೆಯಲ್ಲಿ ರಾಜಭೋಗವಿದ್ದಿತು, ವ್ರತವೂ ಇದ್ದಿತು. ಪತ್ನಿಯ ಧರ್ಮಕಾರ್ಯಕ್ಕೆ ಪತಿಯ ವಿಜಯದ ಫಲ ಸಂದಿತು. ಪತ್ನಿಯ ಅಂತಿಮ ವ್ರತವನ್ನು ಪತಿ ಗೌರವಿಸಿ ಕಲ್ಲಿನಲ್ಲಿ ಬರೆಯಿಸಿದನು. ಪರಸ್ಪರತೆಯೆಂದರೆ ಇದೇ.

ಪರಸ್ಪರತೆ ಕೆಟ್ಟರೆ ಏನಾಗುವುದೆಂಬುದನ್ನು ಹೊಯ್ಸಳರ ಆಸ್ಥಾನದ ಜನ್ನನು 1209ರಲ್ಲಿ 'ಯಶೋಧರ ಚರಿತೆ'ಯಲ್ಲಿ ಚಿತ್ರಿಸಿದನು. ರಾಣಿ ಅಮೃತಮತಿಯು ಇರುಳಿನಲ್ಲಿ ಕೇಳಿಬಂದ ಗಾನಕ್ಕೆ ಮರುಳಾಗಿ ಕುರೂಪಿಯಾದ ಮಾವುತ ಅಷ್ಟಾವಂಕನಿಗೆ ಮನಸೋಲುತ್ತಾಳೆ. ಯಶೋಧರನು ಅದನ್ನು ಕಂಡೂ ಬಾಯಿಬಿಟ್ಟು ಹೇಳಲಾರದೆ, ಕೆಟ್ಟ ಕನಸೆಂದು ತಾಯಿಯೆದುರು ಮರೆಮಾಚುತ್ತಾನೆ. ಅದರ ಶಾಂತಿಗಾಗಿ ಹಿಟ್ಟಿನ ಕೋಳಿಯನ್ನು ಬಲಿಗೊಡುವ ಸಂಕಲ್ಪಹಿಂಸೆಗೆ ಒಳಗಾಗುತ್ತಾನೆ. ಮುಂದೆ ವಿಷಪ್ರಯೋಗ, ಜನ್ಮಾಂತರಗಳ ದುಃಖ. ಕಾಮದ ದೋಷವೊಂದೇ ಈ ಕಥೆಯ ವಿಷಯವಲ್ಲ. ದಂಪತಿಗಳ ನಡುವಿನ ಮಾತು ನಿಂತ ಕಡೆ ಹಿಂಸೆಯು ಮನೆಯೊಳಗೆ ಕಾಲಿಡುವ ಬಗೆಯೂ ಇಲ್ಲಿದೆ.

ಇದಕ್ಕೆ ಪ್ರತಿಯಾಗಿ 16ನೆಯ ಶತಮಾನದಲ್ಲಿ ಮೂಡಬಿದಿರೆಯ ರತ್ನಾಕರವರ್ಣಿಯು 'ಭರತೇಶ ವೈಭವ'ದಲ್ಲಿ ಭರತ ಚಕ್ರವರ್ತಿಯನ್ನು ಭೋಗಿಯಾಗಿಯೂ ಯೋಗಿಯಾಗಿಯೂ ಚಿತ್ರಿಸಿದನು. ಭೋಗವಿಜಯದಿಂದ ಆರಂಭವಾಗುವ ಕಾವ್ಯವು ಯೋಗವಿಜಯ, ಮೋಕ್ಷವಿಜಯಗಳತ್ತ ಸಾಗುತ್ತದೆ. ತೊಂಬತ್ತಾರು ಸಾವಿರ ರಾಣಿಯರ ಒಡೆಯನ ಕಥೆಯು ಇಂದಿನ ಗೃಹಸ್ಥನಿಗೆ ಅನುಕರಣೀಯವೆಂದು ಯಾರೂ ಹೇಳಲಾರರು. ಕವಿಯ ಆಶಯ ಬೇರೆ. ಅರಮನೆಯ ಸರಸದ ನಡುವೆಯೂ ಕಣ್ಮುಚ್ಚಿ ಆತ್ಮನನ್ನು ಕಾಣಬಲ್ಲ ಭರತನಿಗೆ ಭೋಗವು ಬಂಧನವಾಗಲಿಲ್ಲ. ರಾಣಿಯರೊಡನೆ ಅವನ ನಡತೆಯಲ್ಲಿ ಸ್ನೇಹ, ವಿನೋದ, ಗೌರವಗಳಿವೆ. ಎಚ್ಚರವಿದ್ದ ಕಡೆ ಪ್ರೀತಿಯೂ ಶುದ್ಧವಾಗುತ್ತದೆಂಬ ಈ ದರ್ಶನವು ಕನ್ನಡದ ಜೈನಕಾವ್ಯವು ಲೋಕಕ್ಕಿತ್ತ ಕಾಣಿಕೆ.

ಅರಮನೆಯಿಂದ ಯೋಗಶಾಲೆಗೆ

19ನೆಯ ಶತಮಾನದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲಕ್ಕೆ ಈ ಪರಂಪರೆಯ ಎರಡು ಧಾರೆಗಳು ಒಂದೇ ಅರಮನೆಯ ಆಶ್ರಯದಲ್ಲಿ ಕಾಣಿಸಿಕೊಂಡವು. ಕನಕಗಿರಿಯ ದೇವಚಂದ್ರನು 'ರಾಜಾವಳಿ ಕಥೆ'ಯನ್ನು ರಚಿಸಿ ಜೈನ ಗುರುಪರಂಪರೆಯ ಐತಿಹ್ಯಗಳನ್ನು ಉಳಿಸಿದನು. ನಂಜನಗೂಡಿನ ಶ್ರೀಕಂಠೇಶ್ವರನ ಭಕ್ತರಾಗಿದ್ದ ಅದೇ ಮಹಾರಾಜರ 'ಶ್ರೀತತ್ತ್ವನಿಧಿ'ಯಲ್ಲಿ 122 ಆಸನಗಳ ಚಿತ್ರಗಳು ಸೇರಿದವು. ಹೀಗೆ ಮನಸ್ಸಿನ ಯೋಗದ ನೆನಪೂ ದೇಹದ ಯೋಗದ ಚಿತ್ರವೂ ಒಂದೇ ನಾಡಿನಲ್ಲಿ ಸಂಗ್ರಹವಾದವು.

20ನೆಯ ಶತಮಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯ ಪಡೆದ ತಿರುಮಲೈ ಕೃಷ್ಣಮಾಚಾರ್ಯರು 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ಆರಂಭಿಸಿದರು. 1934ರಲ್ಲಿ 'ಯೋಗ ಮಕರಂದ'ವೂ 1941ರಲ್ಲಿ 'ಯೋಗಾಸನಗಳು' ಎಂಬ ಗ್ರಂಥವೂ ಅವರಿಂದ ಕನ್ನಡದಲ್ಲಿಯೇ ಹೊರಬಂದವು. ಅವರ ಶಿಷ್ಯರಾದ ಬಿ.ಕೆ.ಎಸ್. ಅಯ್ಯಂಗಾರ್ ಮತ್ತು ಪಟ್ಟಾಭಿ ಜೋಯಿಸರು ಮೈಸೂರಿನ ಯೋಗವನ್ನು ಜಗತ್ತಿಗೆ ತಲುಪಿಸಿದರು. ಈ ಮೂವರೂ ಗೃಹಸ್ಥರು. ಗೃಹಸ್ಥನಾಗಿ ಬಾಳಿ ಯೋಗವನ್ನು ಕಲಿಸಬೇಕೆಂಬುದೇ ತಮ್ಮ ಗುರು ಕೇಳಿದ ದಕ್ಷಿಣೆಯೆಂದು ಕೃಷ್ಣಮಾಚಾರ್ಯರು ಹೇಳುತ್ತಿದ್ದುದು ಪ್ರಸಿದ್ಧವಾಗಿದೆ. ಅಯ್ಯಂಗಾರರು 1966ರಲ್ಲಿ ಪ್ರಕಟವಾದ ತಮ್ಮ ಪ್ರಖ್ಯಾತ ಗ್ರಂಥದಲ್ಲಿ ಬ್ರಹ್ಮಚರ್ಯಕ್ಕೂ ಗೃಹಸ್ಥಜೀವನಕ್ಕೂ ವಿರೋಧವಿಲ್ಲವೆಂದು ಪ್ರತಿಪಾದಿಸಿದರು. ಇದು ಶ್ರಾವಕಾಚಾರಗಳ ಓದುಗರಿಗೆ ಹೊಸ ಮಾತೇನಲ್ಲ.

ಇದೇ ಮೈಸೂರು ಸಂಸ್ಥಾನವು 1930ರಲ್ಲಿ ಸರ್ಕಾರದ ವತಿಯಿಂದಲೇ ಸಂತಾನನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶಿಸಿತು. ದಂಪತಿಗಳ ಆರೋಗ್ಯವು ನಾಚಿ ಮರೆಸತಕ್ಕ ವಿಷಯವಲ್ಲವೆಂಬ ವಿವೇಕ ಅಂದಿನ ಆಡಳಿತಕ್ಕಿದ್ದಿತು.

ಹೇರಿದ ಸಂಯಮದ ಪಾಠ

ನಂಜನಗೂಡಿನ ಇತಿಹಾಸವು ಈ ವಿಷಯದ ಇನ್ನೊಂದು ಮುಖವನ್ನೂ ತೋರಿಸುತ್ತದೆ. ಹೊಸಗನ್ನಡದ ಮೊದಲ ಲೇಖಕಿಯರಲ್ಲಿ ಅಗ್ರಗಣ್ಯರಾದ ನಂಜನಗೂಡು ತಿರುಮಲಾಂಬಾ ಅವರು ಹುಟ್ಟಿದ್ದು 1887ರಲ್ಲಿ. ಬಾಲ್ಯದಲ್ಲಿಯೇ ವಿವಾಹವಾಗಿ ಹದಿನಾಲ್ಕನೆಯ ವಯಸ್ಸಿಗೆ ವಿಧವೆಯಾದರು. ಮೈಸೂರು ಸಂಸ್ಥಾನವು 1894ರಲ್ಲಿ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ವಿವಾಹವನ್ನು ನಿಷೇಧಿಸಿದ್ದರೂ ಬಾಲವಿಧವೆಯರ ಬದುಕು ಬದಲಾಗಲಿಲ್ಲ. ತಿರುಮಲಾಂಬಾ ಅವರು 1913ರಲ್ಲಿ 'ಸತೀ ಹಿತೈಷಿಣೀ' ಗ್ರಂಥಮಾಲೆಯನ್ನು ಆರಂಭಿಸಿದರು. ಮುಂದೆ 'ಕರ್ನಾಟಕ ನಂದಿನಿ' ಪತ್ರಿಕೆಯನ್ನೂ ನಡೆಸಿ ಸ್ತ್ರೀಯರ ವಿದ್ಯೆ ಮತ್ತು ಗೃಹಜೀವನಗಳ ಬಗೆಗೆ ಬರೆದರು. ತಮ್ಮ ಏಕಾಂತವನ್ನು ಅವರು ಸಾಹಿತ್ಯಸೇವೆಯಾಗಿ ಮಾರ್ಪಡಿಸಿಕೊಂಡದ್ದು ಅವರ ಮಹತ್ತು.

ಆದರೆ ಅಂಥ ಸಹಸ್ರಾರು ಹೆಣ್ಣುಮಕ್ಕಳ ಮೇಲೆ ಸಮಾಜವು ಹೇರಿದ ಸಂಯಮವನ್ನು ವ್ರತವೆನ್ನಲಾಗದು. ವ್ರತವೆಂದರೆ ಅರಿತು, ಇಚ್ಛಿಸಿ, ತಾನಾಗಿ ಸ್ವೀಕರಿಸುವ ವಿರತಿ. ಮದುವೆಯ ಒಳಗೂ ಈ ನಿಯಮವೇ ಸಲ್ಲುತ್ತದೆ. ಹೇರಿದ ಭೋಗದಂತೆ ಹೇರಿದ ತ್ಯಾಗವೂ ಇನ್ನೊಂದು ಜೀವಕ್ಕೆ ಪೀಡೆಯೇ.

ಇಂದಿನ ತಿಳಿವಳಿಕೆ

ಯೋಗಾಭ್ಯಾಸದಿಂದ ದಂಪತಿಗಳ ಆಪ್ತಜೀವನಕ್ಕೆ ಆಗುವ ಪ್ರಯೋಜನವನ್ನು ಕುರಿತು ಆಧುನಿಕ ವೈದ್ಯರೂ ವಿಚಾರ ಮಾಡಿದ್ದಾರೆ. 2010ರಲ್ಲಿ ಭಾರತೀಯ ವೈದ್ಯರ ತಂಡವೊಂದು ಲೈಂಗಿಕ ಆರೋಗ್ಯದ ಅಂತಾರಾಷ್ಟ್ರೀಯ ವೈದ್ಯಪತ್ರಿಕೆಯಲ್ಲಿ ಎರಡು ಅಧ್ಯಯನಗಳನ್ನು ಪ್ರಕಟಿಸಿತು. ಒಂದರಲ್ಲಿ 40 ಸ್ತ್ರೀಯರೂ ಇನ್ನೊಂದರಲ್ಲಿ 65 ಪುರುಷರೂ 12 ವಾರಗಳ ಕಾಲ ಯೋಗವನ್ನು ಅಭ್ಯಸಿಸಿದರು. ಪ್ರಶ್ನಾವಳಿಯ ಉತ್ತರಗಳ ಪ್ರಕಾರ ಇಬ್ಬಗೆಯವರಲ್ಲಿಯೂ ತೃಪ್ತಿ ಹೆಚ್ಚಿತು. ಸ್ತ್ರೀಯರಲ್ಲಿ 45 ವರ್ಷ ಮೀರಿದವರಿಗೆ ಪ್ರಯೋಜನ ಇನ್ನೂ ಹೆಚ್ಚಾಗಿ ಕಂಡಿತು. ಆದರೆ ಯೋಗ ಮಾಡದ ಬೇರೊಂದು ಗುಂಪಿನೊಡನೆ ಹೋಲಿಸಿ ನೋಡದ ಸಣ್ಣ ಅಧ್ಯಯನಗಳಿವು. ಆದ್ದರಿಂದ ಇವನ್ನು ಭರವಸೆಯ ಸೂಚನೆಯೆಂದು ಗ್ರಹಿಸಬೇಕೇ ಹೊರತು ಅಂತಿಮ ನಿರ್ಣಯವೆಂದಲ್ಲ.

ಪ್ರಯೋಜನದ ಕಾರಣಗಳು ಮಾತ್ರ ಊಹೆಗೆ ನಿಲುಕದವಲ್ಲ. ಚಿಂತೆ, ಆಯಾಸ, ನಿದ್ರಾಹೀನತೆಗಳು ದಾಂಪತ್ಯಸುಖದ ಮೊದಲ ಶತ್ರುಗಳು. ನಿಧಾನವಾದ ದೀರ್ಘ ಉಸಿರಾಟದಿಂದ ಉದ್ವೇಗದ ನರವ್ಯೂಹ ಶಮನಗೊಂಡು ವಿಶ್ರಾಂತಿಯ ನರವ್ಯೂಹ ಕಾರ್ಯಪ್ರವೃತ್ತವಾಗುತ್ತದೆ. ಅಮೆರಿಕದ ವೈದ್ಯ ಆರ್ನಲ್ಡ್ ಕೆಗೆಲ್ ಅವರು 1948ರಲ್ಲಿ ಹೆರಿಗೆಯಾದ ಸ್ತ್ರೀಯರಿಗೆ ಸೊಂಟದ ತಳಭಾಗದ ಸ್ನಾಯುಗಳ ವ್ಯಾಯಾಮವನ್ನು ಸೂಚಿಸಿದರು. ಯೋಗಿಗಳ ಮೂಲಬಂಧವೂ ಅದೇ ಸ್ನಾಯುಗಳನ್ನು ಬಳಸುತ್ತದೆ. ಆದರೆ ಕೆಲವರಲ್ಲಿ ಆ ಸ್ನಾಯುಗಳು ಮೊದಲೇ ಬಿಗಿದು ಸಂಗಮವು ನೋವಿನದಾಗಿರುತ್ತದೆ. ಅಂಥವರಿಗೆ ಬೇಕಾದುದು ಸಡಿಲಿಕೆ, ಇನ್ನಷ್ಟು ಬಿಗಿಯಲ್ಲ. ತಿಳಿದವರ ಮಾರ್ಗದರ್ಶನವಿಲ್ಲದ ಅಭ್ಯಾಸ ಇಲ್ಲಿ ಹಾನಿಯನ್ನೂ ಮಾಡಬಹುದು.

ವೈದ್ಯರನ್ನು ಕಾಣಲು ಸಂಕೋಚಪಡುವುದು ಜೈನ ಪರಂಪರೆಗೆ ಉಚಿತವಲ್ಲ. ಔಷಧದಾನವು ಚತುರ್ವಿಧ ದಾನಗಳಲ್ಲಿ ಒಂದು. ಉಗ್ರಾದಿತ್ಯಾಚಾರ್ಯರು ಮದ್ಯ, ಮಾಂಸ, ಮಧುಗಳನ್ನು ಬಿಟ್ಟು 'ಕಲ್ಯಾಣಕಾರಕ'ವೆಂಬ ವೈದ್ಯಗ್ರಂಥವನ್ನು ರಚಿಸಿದರು. ಜಗದ್ದಳ ಸೋಮನಾಥನು ಪೂಜ್ಯಪಾದರ ಹೆಸರಿನಲ್ಲಿ ಬಂದ ವೈದ್ಯವನ್ನು ಕನ್ನಡಕ್ಕೆ ತಂದನು. ಪುರುಷರ ದೌರ್ಬಲ್ಯವು ಎಷ್ಟೋ ವೇಳೆ ಮಧುಮೇಹ ಅಥವಾ ಹೃದ್ರೋಗದ ಮುನ್ಸೂಚನೆಯಾಗಿರುತ್ತದೆ. ಹೆರಿಗೆ ಮತ್ತು ಮುಟ್ಟು ನಿಲ್ಲುವ ಕಾಲಗಳಲ್ಲಿ ಸ್ತ್ರೀಯರ ದೇಹಸ್ಥಿತಿ ಬದಲಾಗುತ್ತದೆ. ಇವಕ್ಕೆ ಚಿಕಿತ್ಸೆ ಬೇಕು, ಮನೆಯವರ ಸಹಾನುಭೂತಿಯೂ ಬೇಕು. ಯೋಗವು ಇವೆರಡಕ್ಕೂ ಪೂರಕವಾಗಬಲ್ಲುದು, ಬದಲಿಯಾಗಲಾರದು.

ಕುಟುಂಬಗಳಿಗೂ ಬಸದಿಗಳಿಗೂ

2015ರಿಂದ ಪ್ರತಿವರ್ಷ ಜೂನ್ 21ರಂದು ಅಂತಾರಾಷ್ಟ್ರೀಯ ಯೋಗದಿನವನ್ನು ಆಚರಿಸಲಾಗುತ್ತಿದೆ. ಬಸದಿಗಳ ಆವರಣದಲ್ಲಿ ಯೋಗಶಿಬಿರ ನಡೆಸುವ ಆಡಳಿತ ಮಂಡಳಿಗಳು ಆಸನಗಳ ಜೊತೆಗೆ ಸಾಮಾಯಿಕವನ್ನೂ, ಅಣುವ್ರತಗಳ ಅರ್ಥವನ್ನೂ ಹೇಳಿಕೊಡಬಹುದು. ಮದುವೆ ನಿಶ್ಚಯವಾದ ತರುಣ-ತರುಣಿಯರಿಗೆ ಅನುಭವಿಗಳಾದ ವೈದ್ಯರಿಂದಲೂ ಶಾಸ್ತ್ರಜ್ಞರಿಂದಲೂ ಪ್ರತ್ಯೇಕವಾಗಿ, ಮರ್ಯಾದೆಯಿಂದ, ತಿಳಿವಳಿಕೆ ಕೊಡಿಸಬಹುದು. ಬ್ರಹ್ಮಚರ್ಯದ ನಿಯಮವನ್ನು ಕೊಡುವ ಮುನ್ನ ದಂಪತಿಗಳಿಬ್ಬರ ಒಪ್ಪಿಗೆಯನ್ನು ವಿಚಾರಿಸುವ ಪದ್ಧತಿಯನ್ನು ಎಲ್ಲೆಡೆ ಪಾಲಿಸಬಹುದು. ಇದಕ್ಕೆ ಹೊಸ ಧರ್ಮಸಂಹಿತೆ ಬೇಕಾಗಿಲ್ಲ. ತಲಕಾಡಿನ ಗಂಗರ ಕಾಲದಷ್ಟು ಹಳೆಯದಾದ ಅಳತೆಗೋಲು ಕೈಯಲ್ಲಿದೆ.

ಯಾವ ಮನೆಯಲ್ಲಿ ಪತಿ-ಪತ್ನಿಯರ ಸಾಮೀಪ್ಯದಿಂದಾಗಲಿ, ಅವರು ಕೂಡಿ ಒಪ್ಪಿಕೊಂಡ ಸಂಯಮದಿಂದಾಗಲಿ ಅಹಿಂಸೆಯು ಬೆಳೆಯುತ್ತದೆಯೋ ಆ ಮನೆಯಲ್ಲಿ ಯೋಗವು ನೆಲೆಸಿದೆ. ಯಾವ ಮನೆಯಲ್ಲಿ ಒಬ್ಬರ ಸುಖಕ್ಕಾಗಿಯೋ ಒಬ್ಬರ ಪುಣ್ಯಕ್ಕಾಗಿಯೋ ಇನ್ನೊಬ್ಬರು ಮೌನವಾಗಿ ನೋಯುತ್ತಾರೆಯೋ ಅಲ್ಲಿ ಎಷ್ಟು ಆಸನಗಳನ್ನು ಹಾಕಿದರೂ, ಎಷ್ಟು ಉಪವಾಸಗಳನ್ನು ಮಾಡಿದರೂ ವ್ರತವು ಅಪೂರ್ಣ. ಶ್ರಾವಕ-ಶ್ರಾವಿಕೆಯರು ಈ ಅಳತೆಯಿಂದ ತಮ್ಮ ಗೃಹಜೀವನವನ್ನು ಅಳೆದುಕೊಂಡು, ಇಬ್ಬರೂ ಜೊತೆಯಾಗಿ ಮೆಟ್ಟಿಲನ್ನೇರುವುದೇ ಪೂಜ್ಯಪಾದರಿಗೆ ಸಲ್ಲಿಸುವ ನಿಜವಾದ ಪೂಜೆ.